ಬಿಡದ ಹೊಲಿಗೆ

ದೋಣಿಯಿಂದ ಇಳಿದ ದರ್ಜಿ ಅಕ್ಕನಿಗೆ ಮೊದಲು ಬಡಿದದ್ದು ವಾಸನೆ. ಹಸಿ ಮರದ ಹೊಟ್ಟು, ಡೀಸೆಲ್ಲು, ಕೊಳೆತ ಎಲೆ ಎಲ್ಲ ಕಲಸಿಕೊಂಡು ಮೂಗಿಗೆ ಅಂಟುವಂಥ ವಾಸನೆ. ಊರೆಂದರೆ ಹೇಳಿಕೊಳ್ಳುವಂಥ ಊರೇನಲ್ಲ. ಒಂದು ಕಡೆ ಕೆಸರು ಬಣ್ಣದ ಹೊಳೆ, ಇನ್ನೊಂದು ಕಡೆ ಕಾಡು, ನಡುವೆ ತಗಡಿನ ಮಾಡುಗಳ ಒಂದು ಸಾಲು. ಮನೆಗಳ ಹಿಂಬಾಗಿಲು ತೆಗೆದರೆ ಬಿಸಿಲು ನೆಲ ಮುಟ್ಟದಷ್ಟು ದಟ್ಟವಾಗಿ ನಿಂತ ಮರಗಳು. ಒಣಹಾಕಿದ ಬಟ್ಟೆ ಕೂಡ ಅಲ್ಲಿ ಬೆವರುತ್ತಿತ್ತು.

ಅವಳ ತಮ್ಮ ಈ ಊರಿನ ಮರದ ಮಿಲ್ಲಿನಲ್ಲಿದ್ದ. ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಡುತ್ತಾರೆ. ಅವು ಮಿಲ್ಲಿನ ದಡಕ್ಕೆ ಬಂದಾಗ ಅವುಗಳ ಮೇಲೆ ನಿಂತು ಸರಪಳಿಯ ಕೊಕ್ಕೆ ಸಿಕ್ಕಿಸಬೇಕು, ದಡದ ಮೇಲಿನ ಯಂತ್ರ ಸರಪಳಿಯನ್ನು ಎಳೆದುಕೊಳ್ಳುತ್ತದೆ. ಆ ಕೊಕ್ಕೆಯ ಕೆಲಸ ಅವನದು. ಹೋದ ತಿಂಗಳು ಸತ್ತ. ಸುದ್ದಿ ಮನೆ ಮುಟ್ಟುವ ಹೊತ್ತಿಗೆ ಇಲ್ಲಿ ಮಣ್ಣು ಮಾಡಿಯೂ ಆಗಿತ್ತು. ‘ಕಾಲು ಜಾರಿ ನೀರಿಗೆ ಬಿದ್ದ’ ಎಂದಷ್ಟೇ ಮಿಲ್ಲಿನವರು ಹೇಳಿ ಕಳಿಸಿದ್ದರು.

ಅಮ್ಮ ನಂಬಲಿಲ್ಲ. “ನನ್ನ ಮಗ ನೀರಿಗೆ ಬಿದ್ರೆ ಮೀನು ಬಿದ್ದ ಹಾಗೆ ಕಣೇ. ಕಾಲು ಜಾರಿದ್ರೆ ಈಜ್ಕೊಂಡು ಬರ್ತಿದ್ದ. ಯಾರ ತಪ್ಪಿಂದ ಹೋದ ಅಂತ ತಿಳ್ಕೊಂಡು ಬಾ. ಬರಿಗೈಲಿ ಬಂದು ನನಗೆ ಮುಖ ತೋರಿಸ್ಬೇಡ” ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಕ್ಕನೂ ಹಲ್ಲು ಕಚ್ಚಿಕೊಂಡೇ ಹೊರಟಿದ್ದಳು. ಅಪ್ಪ ಇಲ್ಲದ ಮನೆಯಲ್ಲಿ ಆ ಹುಡುಗನನ್ನು ಹೊಲಿಗೆ ಯಂತ್ರ ತುಳಿದು ಬೆಳೆಸಿದವಳು ಅವಳು. ತಪ್ಪು ಮಾಡಿದವನನ್ನು ಹಿಡಿದು ಬೀದಿಗೆಳೆಯದೆ ಬಿಡುವುದಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಕಾಯುತ್ತ ಬಂದಿದ್ದಳು.

ದಡದಲ್ಲಿ ಲಂಬು ಕಾದಿದ್ದ. ತಮ್ಮನ ಜೊತೆ ಒಂದೇ ಕೋಣೆಯಲ್ಲಿದ್ದವನು, ಬಾಗಿಲಿಗೆಲ್ಲ ತಲೆ ಬಗ್ಗಿಸಿ ನಡೆಯುವ ಆಳು. ವರ್ಷದ ಹಿಂದೆ ರಜೆಗೆಂದು ತಮ್ಮನ ಜೊತೆ ಮನೆಗೆ ಬಂದಿದ್ದಾಗ ಅಕ್ಕ ಒಂದೇ ಥಾನಿನ ನೀಲಿ ಬಟ್ಟೆಯಲ್ಲಿ ಇಬ್ಬರಿಗೂ ಅಂಗಿ ಹೊಲಿದುಕೊಟ್ಟಿದ್ದಳು. ಈಗ ಅವನು ಅದನ್ನೇ ತೊಟ್ಟು ಬಂದಿದ್ದ.

“ನೀವು ಹೊಲಿದಿದ್ದೇ ಅಕ್ಕ. ಜೋಪಾನವಾಗಿ ಇಟ್ಟಿದ್ದೆ. ನೀವು ಬರ್ತೀರಿ ಅಂತ ಇವತ್ತು ತೆಗೆದೆ.”

ಅಕ್ಕ ಅವನ ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದು ನೂಲೂ ಅಲುಗಿರಲಿಲ್ಲ.

ಮಿಲ್ಲಿನ ಮೇಸ್ತ್ರಿ ಅವಳನ್ನು ಕಂಡು ಕುರ್ಚಿ ಎಳೆದುಹಾಕಿದ, ಬೀಸಣಿಗೆ ಹುಡುಕಿದ, ಕುಡಿಯಲು ನೀರು ತರಿಸಿದ. ಮುಖ ಕೊಟ್ಟು ಮಾತ್ರ ಮಾತಾಡಲಿಲ್ಲ.

“ಕಾಲು ಜಾರ್ತಮ್ಮ. ಪಾಚಿ ನೋಡಿ, ದಿಮ್ಮಿ ಮೇಲೆ.”

“ಬಿದ್ದವನು ಯಾಕೆ ಏಳಲಿಲ್ಲ?”

“ಹೊಳೆ ಅಲ್ವೇನಮ್ಮ.”

“ಹೊಳೆ ಅಂತ ನನಗೂ ಕಾಣುತ್ತೆ, ಕಣ್ಣು ಚೆನ್ನಾಗಿದೆ. ಅವತ್ತು ಅವನ ಮೈಮೇಲೆ ಇದ್ದ ಬಟ್ಟೆ ಎಲ್ಲಿ?”

ಮೇಸ್ತ್ರಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. “ಅದೂ... ಮಣ್ಣಿಗೇ ಹೋಯ್ತು.”

ಅಕ್ಕ ಲಂಬುವಿನ ಕಡೆ ನೋಡಿದಳು. ಅವನು ತಗಡಿನ ಮಾಡಿನಲ್ಲಿ ಏನೋ ಇದೆಯೆನ್ನುವಂತೆ ಮೇಲೆ ನೋಡುತ್ತಿದ್ದ. ಇಬ್ಬರ ಬಾಯಿಗೂ ಒಂದೇ ಬೀಗ ಬಿದ್ದಿದೆ ಎಂದು ಅವಳಿಗೆ ಖಾತ್ರಿಯಾಯಿತು. “ನಿಮ್ಮ ಸರಪಳಿ ತುಕ್ಕು ಹಿಡಿದಿರಬೇಕು, ಇಲ್ಲ ಯಂತ್ರ ಕೆಟ್ಟಿರಬೇಕು. ಮುಚ್ಚಿಡಿ, ಎಷ್ಟು ಹೊತ್ತು ಮುಚ್ಚಿಡ್ತೀರಿ ನೋಡೋಣ. ನಾಳೆ ಪೊಲೀಸರ ಹತ್ತಿರ ಹೋಗ್ತೀನಿ” ಎಂದು ಎದ್ದಳು. ನೀರಿನ ಲೋಟ ಮುಟ್ಟಲಿಲ್ಲ.

ಲಂಬು ಅವಳನ್ನು ಕೋಣೆಗೆ ಬಿಟ್ಟ. ಕೆಳಗೆ ಕೆಸರು, ಮೇಲೆ ಮರದ ಕಂಬಗಳ ಮೇಲೆ ನಿಂತ ಕೋಣೆ. ಎರಡು ಮಂಚ. ಒಂದರ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. “ಅವನ ಪೆಟ್ಟಿಗೆ ಅಲ್ಲಿದೆ ಅಕ್ಕ. ನನಗೆ ಪಾಳಿ ಇದೆ, ಸಂಜೆ ಬರ್ತೀನಿ” ಎಂದು ತಪ್ಪಿಸಿಕೊಂಡವನಂತೆ ಇಳಿದುಹೋದ.

ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿದ ಎರಡು ಪ್ಯಾಂಟು, ಹಲ್ಲು ಮುರಿದ ಬಾಚಣಿಗೆ, ಕೆಲಸಕ್ಕೆ ಹಾಕುವ ದೊಗಳೆ ಅಂಗಿಗಳು. ಅಕ್ಕ ಒಂದನ್ನು ಮುಖಕ್ಕೆ ಒತ್ತಿಕೊಂಡಳು. ತಮ್ಮನ ವಾಸನೆ ಇರಲಿಲ್ಲ, ಊರಿನದೇ ಇತ್ತು. ಮಡಿಚಿಡಲು ಹೋದರೆ ತೋಳು ಕೈಗೇ ಬಂತು. ಇನ್ನೊಂದು ತೆಗೆದಳು. ಅದೂ ಹಾಗೇ: ತೋಳನ್ನು ಭುಜಕ್ಕೆ ಸೇರಿಸುವಲ್ಲಿ ಬೆರಳು ತೂರುವಷ್ಟು ಉದ್ದುದ್ದ ಕಚ್ಚಾ ಹೊಲಿಗೆ, ಅದಕ್ಕೆ ಎಳೆದರೆ ಹರಿಯುವ ಹಳೇ ನೂಲು. ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ಸಿಟ್ಟು ಬಂತು. ತನ್ನ ತಮ್ಮನಿಗೆ ಇಂಥದ್ದನ್ನು ತೊಡಿಸಿದನಲ್ಲ, ಯಾವನವನು! ಸಿಟ್ಟಿಗೆ ಒಬ್ಬ ಆಸಾಮಿ ಬೇಕಾಗಿತ್ತು, ಸಿಕ್ಕ ಹಾಗಾಯಿತು. ಅಂಗಿಯನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಗಿಳಿದಳು.

ಊರಿಗೆಲ್ಲ ಒಬ್ಬನೇ ದರ್ಜಿ. ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡ ಮುದುಕ, ಕ್ಷೌರದಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಯಂತ್ರ ತುಳಿಯುತ್ತಿದ್ದ.

“ಏನಜ್ಜ, ಇದನ್ನ ಹೊಲಿಗೆ ಅಂತಾರಾ? ನನ್ನ ಅಂಗಡೀಲಿ ಯಾರಾದ್ರೂ ಹೀಗೆ ಹೊಲಿದಿದ್ರೆ ಕತ್ತರಿ ಹಿಡಿಯಿಂದ ತಲೆಗೆ ಮೊಟಕ್ತಿದ್ದೆ!”

ಮುದುಕ ಅಂಗಿಯನ್ನು ತಿರುಗಿಸಿ ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕ. “ನೀನೂ ನಮ್ಮ ಪೈಕಿನಾ? ಕೂತ್ಕೋ, ಕೂತ್ಕೊಂಡು ಬೈಯಿ. ಹೊಸಬರೆಲ್ಲ ಬೈತಾರೆ. ಇದು ಕೊಕ್ಕೆಯವರ ಅಂಗಿ ತಾಯಿ. ಇದರಲ್ಲಿ ತೋಳು ನಿಲ್ಲಬಾರದು.”

“ತೋಳು ನಿಲ್ಲಬಾರದಾ? ಮತ್ತೆ ಅಂಗಿ ಯಾಕೆ?”

“ಸೊಳ್ಳೆ, ಬಿಸಿಲು, ತೊಗಟೆ ಸಿಬಿರು. ಬರಿಮೈಲಿ ಆಗೋ ಕೆಲಸ ಅಲ್ಲ. ಆದ್ರೆ ಕೊಕ್ಕೆ ಹಾಕುವಾಗ ತೋಳು ಸಿಕ್ಕಿಕೊಂಡ್ತು ಅನ್ಕೋ. ಮೇಲೆ ಯಂತ್ರ ಎಳೀತಾ ಇರುತ್ತೆ, ಅದಕ್ಕೇನು ಗೊತ್ತು ದಿಮ್ಮಿನೋ ಮನುಷ್ಯನೋ ಅಂತ? ತೋಳು ಕಿತ್ತು ಹೋಗ್ಬೇಕು, ಆಳು ಉಳ್ಕೋಬೇಕು. ಕಿತ್ತ ತೋಳು ತಂದ್ರೆ ಮತ್ತೆ ಟಾಕಾ ಹಾಕಿಕೊಡ್ತೀನಿ, ಒಂದು ಬೀಡಿ ಕೊಡ್ತಾರೆ.”

ಮುದುಕ ಯಂತ್ರಕ್ಕೆ ಎಣ್ಣೆ ಬಿಡುತ್ತ ಮುಂದುವರಿಸಿದ. ತನ್ನ ಎದುರು ಕೂತವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

“ಹೋದ ತಿಂಗಳು ಒಬ್ಬ ಹೋದ. ಹಾಡು ಹೇಳ್ಕೊಂಡೇ ಬರ್ತಿದ್ದ, ಒಳ್ಳೇ ಹುಡುಗ. ಮಳೆಗೆ ಕೆಲಸದ ಅಂಗಿ ಒಣಗಿರಲಿಲ್ಲ, ಮನೆಯಿಂದ ತಂದಿದ್ದ ನೀಲಿ ಅಂಗಿ ಹಾಕ್ಕೊಂಡು ಹೊರಟ. ಇಲ್ಲೇ, ಈ ಕಟ್ಟೆ ಮುಂದೇನೇ ನಿಲ್ಲಿಸಿದೆ. ಬಿಚ್ಚಿಕೊಡೋ, ಎರಡು ನಿಮಿಷ, ತೋಳು ಸಡಿಲ ಮಾಡ್ತೀನಿ ಅಂದೆ. ‘ಅಯ್ಯೋ ಬೇಡಜ್ಜ, ಅಕ್ಕನ ಹೊಲಿಗೆ ಬಿಚ್ಚಿದ್ರೆ ಅಕ್ಕ ನನ್ನ ಚರ್ಮ ಬಿಚ್ತಾಳೆ’ ಅಂತ ನಕ್ಕೊಂಡು ಹೋದ. ಅದೆಂಥ ಹೊಲಿಗೆ ಅಂತೀಯ! ಎರಡು ಸುತ್ತು, ಮೇಲೆ ಮಡಿಕೆ, ಮೇಣದ ದಾರ. ತೋಳು ಕೊಕ್ಕೆಗೆ ಸಿಕ್ಕಿಕೊಂಡ್ತು, ಯಂತ್ರ ನಿಲ್ಲಿಸೋವರೆಗೂ ಹೊಲಿಗೆ ಬಿಡಲಿಲ್ಲ. ಅಷ್ಟರಲ್ಲಿ ಸರಪಳಿ ಅವನನ್ನ ದಿಮ್ಮಿ ಕೆಳಗೆ ಎಳ್ಕೊಂಡು ಹೋಗಿತ್ತು.”

ಹೊಳೆಯ ಕಡೆಯಿಂದ ಯಂತ್ರದ ಗುರುಗುಟ್ಟುವಿಕೆ ಕೇಳುತ್ತಲೇ ಇತ್ತು. ಹೊಲಿಯುವಾಗ ತಾನು ಆಡಿದ ಮಾತು ನೆನಪಾಯಿತು. ‘ಬಟ್ಟೆ ಹರಿಯಬೇಕು, ನನ್ನ ಹೊಲಿಗೆ ಹರಿಯಬಾರದು, ಹಾಕ್ಕೊಂಡು ನೋಡೋ’ ಎಂದಿದ್ದಳು. ಕೈಯಲ್ಲಿದ್ದ ಅಂಗಿಯ ಉದ್ದುದ್ದ ಟಾಕಾಗಳನ್ನು ಅವಳು ಹೆಬ್ಬೆರಳಿನಿಂದ ಸವರುತ್ತ ಕೂತಳು.

“ಯಾಕಮ್ಮ, ನೀರು ಬೇಕಾ?” ಎಂದ ಮುದುಕ.

ಅಷ್ಟರಲ್ಲಿ ಅವಳಿಗೆ ಥಟ್ಟನೆ ಹೊಳೆಯಿತು. ಲಂಬು. ಪಾಳಿ ಇದೆ ಎಂದು ಹೋದವನು. ಮೈಮೇಲೆ ನೀಲಿ ಅಂಗಿ.

ಮುದುಕನ ಯಂತ್ರದ ಮೇಜಿನ ಮೇಲಿದ್ದ ಬ್ಲೇಡು ಕಸಿದುಕೊಂಡು ಓಡಿದಳು. ಚಪ್ಪಲಿ ಒಂದು ಕೆಸರಿನಲ್ಲಿ ಉಳಿಯಿತು. ಹೊಟ್ಟಿನ ಗುಡ್ಡ ದಾಟಿ, ಗರಗಸದ ಮನೆ ದಾಟಿ ದಡಕ್ಕೆ ಬಂದಾಗ ಅವನು ದಿಮ್ಮಿಯ ಮೇಲೆ ಮೊಣಕಾಲೂರಿ ಕೊಕ್ಕೆ ಹಿಡಿದು ಬಗ್ಗಿದ್ದ.

“ಏಯ್ ಲಂಬೂ! ಬಾರೋ ಮೇಲೆ! ಬಾರೋ!”

ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವಳು ನೀರಿಗೇ ಇಳಿದಳು. ಸೊಂಟದವರೆಗೆ ಇಳಿದವಳನ್ನು ನೋಡಿ ಮೇಸ್ತ್ರಿ ಯಂತ್ರ ನಿಲ್ಲಿಸಿದ.

“ಬಿಚ್ಚು” ಎಂದಳು, ಲಂಬು ದಡಕ್ಕೆ ಬಂದಾಗ.

“ಅಕ್ಕ...”

“ಬಿಚ್ಚೋ ಅಂದೆ! ಗೊತ್ತಿದ್ದೂ ಗೊತ್ತಿದ್ದೂ ಹಾಕ್ಕೊಂಡು ಇಳಿದೆಯಲ್ಲೋ, ನಿನ್ನ ತಲೇಲಿ ಏನು ತುಂಬಿದೆ?”

ಲಂಬು ಗುಂಡಿ ಬಿಚ್ಚುತ್ತ ಮಗುವಿನ ಹಾಗೆ ತುಟಿ ಅದುರಿಸಿದ. “ಪಾಳಿಗೆ ಅಂತ ತೆಗೆದಿಟ್ರೆ ನೀವು ಯಾಕೆ ಅಂತ ಕೇಳ್ತಿದ್ರಿ. ಏನು ಹೇಳ್ಲಿ ನಾನು? ನಿಮಗೆ ಗೊತ್ತಾಗಬಾರದು ಅಂತ ನಾವೆಲ್ಲ ಮಾತಾಡ್ಕೊಂಡಿದ್ವಿ. ಒಂದು ದಿನ ತಾನೇ, ಹುಷಾರಾಗಿದ್ರೆ ಆಯ್ತು ಅಂತ...”

ಮೇಸ್ತ್ರಿ ಹತ್ತಿರ ಬಂದು ನಿಂತ. ಅಕ್ಕ ಅವನ ಕಡೆ ತಿರುಗಿದಳು. “ಅವತ್ತು ನೀವು ನೋಡಿದ್ರಾ, ಅವನ ಮೈಮೇಲಿದ್ದ ಅಂಗೀನ?”

ಮೇಸ್ತ್ರಿ ಮೊದಲ ಸಲ ಅವಳ ಮುಖ ನೋಡಿದ. “ನೋಡಿದೆ ತಾಯಿ. ಇಳೀಬೇಡ ಅನ್ನಬೇಕಿತ್ತು. ನೀರು ಏರ್ತಿತ್ತು, ಆಳು ಕಡಿಮೆ ಇತ್ತು. ಅನ್ನಲಿಲ್ಲ.”

ಬರುವಾಗ ಕಾಯ್ದುಕೊಂಡು ಬಂದಿದ್ದ ಬೈಗುಳವೆಲ್ಲ ಅಲ್ಲೇ ನಾಲಿಗೆಯ ಮೇಲಿತ್ತು. ಬೈಯಬಹುದಿತ್ತು, ಬೈಸಿಕೊಳ್ಳಲು ಅವನು ತಯಾರಾಗಿಯೂ ಇದ್ದ. ಅಮ್ಮನಿಗೆ ಹೇಳಲು ಒಂದು ಹೆಸರೂ ಸಿಕ್ಕಿದಂತಾಗುತ್ತಿತ್ತು. ಆದರೆ ಆ ಹೆಸರು ಹೇಳಿದರೆ ಇನ್ನೊಂದನ್ನೂ ಹೇಳಬೇಕಲ್ಲ.

“ಅಮ್ಮನಿಗೆ ನಾನೇ ಹೇಳ್ತೀನಿ” ಎಂದಳು. “ಇಬ್ಬರದೂ ಹೇಳ್ತೀನಿ. ನಿಮ್ಮದನ್ನೂ, ನನ್ನದನ್ನೂ.”

ಸಂಜೆಯ ದೋಣಿ ಹೊರಡುವ ಕೂಗು ಹಾಕಿತು. ಅವಳು ಹೋಗಲಿಲ್ಲ. ದಿಮ್ಮಿಯೊಂದರ ಮೇಲೆ ಒದ್ದೆ ಸೀರೆಯಲ್ಲೇ ಕೂತು ಲಂಬುವಿನ ಅಂಗಿಯ ತೋಳಿಗೆ ಬ್ಲೇಡು ಹಾಕಿದಳು. ಅವಳ ಹೊಲಿಗೆ ಅವಳಿಗೇ ಬಗ್ಗಲಿಲ್ಲ. ಒಂದು ಸುತ್ತು ಬಿಚ್ಚಿದರೆ ಒಳಗೆ ಇನ್ನೊಂದು, ಅದರ ಕೆಳಗೆ ಮಡಿಕೆ. ಬೆರಳು ಕೊಯ್ದುಕೊಂಡು ನೀಲಿಯ ಮೇಲೆ ರಕ್ತ ಕಲೆಯಾಯಿತು. ಮುದುಕ ದರ್ಜಿ ಅವಳ ಚಪ್ಪಲಿ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದ, ಅಲ್ಲಿದ್ದವರ ಮುಖ ನೋಡಿ ಅವಳು ಯಾರೆಂದು ಅರ್ಥಮಾಡಿಕೊಂಡ. ಜೇಬಿನಿಂದ ಸೂಜಿ, ಅದೇ ಹಳೇ ನೂಲು ತೆಗೆದು ಅವಳ ಪಕ್ಕದಲ್ಲಿಟ್ಟ.

ಅವಳು ಉದ್ದುದ್ದ ಟಾಕಾ ಹಾಕಿದಳು. ಕೈ ತನ್ನಷ್ಟಕ್ಕೇ ಬಿಗಿ ಮಾಡಲು ಹೋಗುತ್ತಿತ್ತು, ಮತ್ತೆ ಮತ್ತೆ ಸಡಿಲಿಸಿದಳು. ಲಂಬುವಿಗೆ ತೊಡಿಸಿ, ಮುಂಗೈ ಹತ್ತಿರ ತೋಳನ್ನು ಹಿಡಿದು ಎಳೆದಳು. ತೋಳು ಅರ್ಧ ಕಿತ್ತು ಬಂದು ಭುಜದ ಕೆಳಗೆ ಸಿಕ್ಕಿಕೊಂಡಿತು.

“ಬಿಚ್ಚು” ಎಂದಳು. “ಇನ್ನೂ ಬಿಗಿ ಇದೆ.”