ಆಚೆ ಕಡೆಯ ಹಿಡಿಕೆ

“ಇನ್ನೊಂದೀಟ ಎತ್ತ, ಜುಲೇಖಾ. ಆತು, ಆತು. ಬಿಡಬ್ಯಾಡ.”

ಜುಲೇಖಾ ಬಿಡಲಿಲ್ಲ. ತಾಮ್ರದ ದೇಗಿನ ಆಚೆ ಕಡೆಯ ಹಿಡಿಕೆ ಅವಳ ಕೈಯಲ್ಲಿತ್ತು, ಈಚೆ ಕಡೆಯದು ಗಂಡ ಲಾಡಸಾಬನ ಕೈಯಲ್ಲಿ. ಮದುವೆ ಮನೆಯ ಬಿರಿಯಾನಿ ಬೇಯುವ ಪಾತ್ರೆ ಅದು. ಖಾಲಿ ಇದ್ದರೇ ಇಬ್ಬರ ಸೊಂಟ ಹಿಡಿಸುತ್ತಿತ್ತು, ಇವತ್ತು ಜಾಗ ಉಳಿಯಲೆಂದು ಅದರೊಳಗೆ ಅಕ್ಕಿಯನ್ನೂ ತುಂಬಿದ್ದರು. ಟ್ರಾಲಿಯ ಹಿಂಬದಿಯ ಅಂಚಿಗೆ ತಳ ತಾಗಿ ದೇಗು ಒಳಗೆ ಸರಿದ ಮೇಲೆ ಅವಳು ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡು ಗೋಡೆಗೆ ಒರಗಿದಳು. ಇಳಕಲ್ಲಿನ ಆ ಓಣಿಯಲ್ಲಿ ಆಗಷ್ಟೇ ಮಗ್ಗಗಳ ಸದ್ದು ಶುರುವಾಗಿತ್ತು.

ಒಲೆ, ಸೌಟು, ಉಳ್ಳಾಗಡ್ಡಿ ಚೀಲ ಎಲ್ಲ ಟ್ರಾಲಿಯ ಮುಂಬದಿಗೆ ಸೇರಿದ್ದವು. ದೇಗುಗಳು ಕೊನೆಗೆ ಏರಬೇಕು, ಮೊದಲು ಇಳಿಯಬೇಕು. ಅಡುಗೆಯವನ ಬಂಡಿ ಹೇರುವ ಕ್ರಮವೇ ಅದು. ಮದುವೆ ಮನೆ ಮುಟ್ಟಿದ ಕೂಡಲೇ ದೇಗು ಇಳಿಸಿ, ಬಿಸ್ಮಿಲ್ಲಾ ಎಂದು ನೆಲಕ್ಕಿಟ್ಟು, ಆಮೇಲೆ ಉಳಿದದ್ದಕ್ಕೆ ಕೈ ಹಚ್ಚಬೇಕು. ಲಾಡಸಾಬನ ಅಪ್ಪ ಇನ್ನೊಂದು ಕಟ್ಟಳೆಯನ್ನೂ ಹಾಕಿ ಹೋಗಿದ್ದ. ದೇಗಿಗೆ ಹೊರಗಿನವರ ಕೈ ಹತ್ತಿಸಬಾರದು. ಅವರು ಎತ್ತಿ ಒಗೆಯುತ್ತಾರೆ, ತಗ್ಗು ಬೀಳುತ್ತದೆ, ಕಲಾಯಿ ಏಳುತ್ತದೆ. ಅಪ್ಪ ಇರುವತನಕ ಅಪ್ಪ ಮಗ ಎತ್ತುತ್ತಿದ್ದರು. ಅವನು ತೀರಿಕೊಂಡ ಮೇಲೆ ಆಚೆ ಕಡೆಯ ಹಿಡಿಕೆ ಸೊಸೆಗೆ ಬಂತು. ಯಾರೂ ಕರೆದು ಕೊಟ್ಟದ್ದಲ್ಲ. ಆ ಹೊತ್ತಿಗೆ ಆ ಕಡೆ ನಿಂತಿದ್ದವಳು ಅವಳೊಬ್ಬಳೇ, ಹಿಡಿದಳು.

“ಏರ್ ಜುಲೇಖಾ, ಗಾಡಿ ಏರ್. ಮುಂದಿನ ಸೀಟು ನಿಂದು,” ಎಂದ ಲಾಡಸಾಬ. ಮದುಮಗನ ಉಮೇದು ಅವನ ದನಿಯಲ್ಲಿತ್ತು.

ಈ ಸೀಟಿನದೊಂದು ಕಥೆ. ಹೋದ ಮಳೆಗಾಲದಲ್ಲಿ ಜುಲೇಖಾ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಹೇಳಿದ್ದಳು. “ನನಗ ಸಾಕಾಗೈತ್ರಿ. ಇನ್ನ ಆಗೂದಿಲ್ಲ. ನೀವು ಬೇಕಾದ್ರ ಮಾಡ್ರಿ, ನಾ ಮನ್ಯಾಗ ಇರ್ತೇನಿ.” ಲಾಡಸಾಬ ಕೆಟ್ಟವನಲ್ಲ. ಹೆಂಡತಿಯ ಮಾತು ಅವನ ಮನಸ್ಸಿಗೆ ಹತ್ತಿತು, ಎಷ್ಟೋ ದಿನ ಅದನ್ನೇ ತಿರುವಿ ಹಾಕಿದ. ಕೊನೆಗೆ ತಪ್ಪೆಲ್ಲ ಬಾಡಿಗೆ ಟೆಂಪೋದ್ದು ಎಂದು ತೀರ್ಮಾನಿಸಿದ. ಡ್ರೈವರನ ಪಕ್ಕ ತಾನು ಕೂರುತ್ತಿದ್ದ, ಜುಲೇಖಾ ಹಿಂದೆ ಪಾತ್ರೆಗಳ ನಡುವೆ ಗೋಣಿಚೀಲ ಹಾಸಿಕೊಂಡು ಕುಲುಕಾಡುತ್ತ ಬರುತ್ತಿದ್ದಳು. ಪಾಪ, ಸಾಕಾಗದೆ ಏನಾಗಬೇಕು! ಅವಳಿಗೊಂದು ಸೀಟು ಬೇಕು. ದುಃಖ ಹೇಳಿಕೊಂಡರೆ ಅದಕ್ಕೊಂದು ಸಾಮಾನು ತಂದುಕೊಡುವ ಗಂಡಸರಲ್ಲಿ ಇವನೂ ಒಬ್ಬ.

ಅವಳು ಹಾಗೆಂದ ವಾರವೇ ಕೆರೂರಿನಿಂದ ಖಲೀಲ ಎಂಬವನು ತಮ್ಮನ ಮದುವೆಗೆ ತಾರೀಖು ಕೇಳಲು ಬಂದಿದ್ದ. ಲಾಡಸಾಬ ಯಾವಾಗಿನಂತೆ ಎದೆಯ ಮೇಲೆ ಕೈಯಿಟ್ಟು, “ಜಬಾನ ಕೊಟ್ಟೆ,” ಎಂದುಬಿಟ್ಟ. ಅವನು ನಿಂತಲ್ಲೇ ಮಾತು ಕೊಡುವವನು, ಕೊಟ್ಟ ಮಾತು ತಪ್ಪದವನು ಎಂದು ಇಳಕಲ್ಲಿನಿಂದ ಬಾದಾಮಿತನಕ ಹೆಸರಿತ್ತು. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ಜುಲೇಖಾ ಅದನ್ನು ಖಲೀಲನ ಮುಂದಿಟ್ಟು ಒಳಗೆ ಹೋದಳು.

ಗಾಡಿ ಸಿಕ್ಕಿದ್ದು ಬಾದಾಮಿಯಲ್ಲಿ. ಪ್ರವಾಸಿಗರನ್ನು ಸುತ್ತಾಡಿಸಿ ಸುತ್ತಾಡಿಸಿ ಸವೆದ ಹಳೇ ಸುಮೋ. “ನನಗೂ ವಯಸ್ಸಾತು, ಇದಕ್ಕೂ ಆತು,” ಎಂದು ಅದರ ಮಾಲಕ ಮಧುಸೂದನರು ಕೀಲಿ ಕೊಟ್ಟಿದ್ದರು. ಹಿಂದಿನ ಗಾಜಿನ ಮೇಲೆ ‘ಪಟ್ಟದಕಲ್ಲು, ಐಹೊಳೆ’ ಎಂಬ ಅಕ್ಷರಗಳು ಇನ್ನೂ ಅರ್ಧಂಬರ್ಧ ಅಂಟಿಕೊಂಡಿದ್ದವು. ಲಾಡಸಾಬ ಅದನ್ನು ಹುನಗುಂದದ ತೌಸಿಫನ ಗ್ಯಾರೇಜಿಗೆ ಹಾಕಿ, ಮದುವೆ ಇಲ್ಲದ ದಿನವೆಲ್ಲ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ತೌಸಿಫ ತುಕ್ಕು ಕೆರೆದು ಚಾಸಿಗೆ ದಪ್ಪ ಪಟ್ಟಿ ಬೆಸೆದ, ಅದಕ್ಕೆ ಟ್ರಾಲಿ ಎಳೆಯುವ ಹುಕ್ಕು ಕೂಡಿಸಿದ, ಜೋಡಿ ಸರಪಳಿ ಹಾಕಿದ. ಬ್ರೇಕು ಹೊಸದಾಯಿತು. ಹಿಂದಿನ ಸ್ಪ್ರಿಂಗಿನ ಪಾಟಾಕ್ಕೆ ಇನ್ನೊಂದು ಪಟ್ಟಿ ಸೇರಿತು. ಟ್ರಾಲಿಯ ಕೆಂಪು ದೀಪಕ್ಕೆ ಸುಮೋದಿಂದ ವೈರು ಹೋಯಿತು. ಎಲ್ಲ ಮುಗಿದ ಮೇಲೆ ಲಾಡಸಾಬ ತಾನೇ ಹೋಗಿ ಮುಂದಿನ ಎಡಸೀಟಿಗೆ ಕೆಂಪು ಮಖಮಲ್ಲಿನ ಕವರು ಹೊಲಿಸಿ ತಂದ.

“ಚಾಚಾ, ಒಂದ ಮಾತು,” ಎಂದಿದ್ದ ತೌಸಿಫ ಕೈ ಒರೆಸಿಕೊಳ್ಳುತ್ತ. “ವಜ್ಜಿ ಸಾಮಾನು ಟ್ರಾಲಿ ಮುಂದಿನ ಬಾಜೂಕ ಇಡ್ರಿ. ಹುಕ್ಕಿನ ಮ್ಯಾಲ ಒಂದೀಟ ಭಾರ ಕುಂದ್ರಬೇಕು. ಹಿಂದ ಭಾರ ಆತಂದ್ರ ಇಳಿಜಾರಿನ್ಯಾಗ ಬಾಲ ಅಳ್ಳಾಡಸಾಕ ಹತ್ತತೈತಿ.”

“ಮೂವತ್ತ ವರ್ಷ ಹೇರೇನಿ ತಮ್ಮಾ,” ಎಂದು ಲಾಡಸಾಬ ನಕ್ಕಿದ್ದ. “ನಿನ್ನ ಲಗ್ನದ ಅಡಿಗಿ ಸಾಮಾನು ಹೇರಿದಾಂವ ನಾನ.”

ಹುನಗುಂದ, ಅಮೀನಗಡ ದಾಟುವತನಕ ಗಾಡಿ ಹೇಳಿದಂತೆ ಕೇಳಿತು. ಹಿಂಬದಿ ತುಸು ಹಗುರಾದಂತೆ ಅನ್ನಿಸುತ್ತಿತ್ತು, ಹೊಸ ಪಾಟಾದ ಗುಣ ಇರಬೇಕೆಂದುಕೊಂಡ ಲಾಡಸಾಬ.

“ಹೆಂಗೈತಿ ಸೀಟು?”

“ಚಲೋ ಐತಿ,” ಎಂದಳು ಜುಲೇಖಾ. ಬಲಗೈಯನ್ನು ತೊಡೆಯ ಮೇಲೆ ಬೇರೆಯವರದೆಂಬಂತೆ ಇಟ್ಟುಕೊಂಡಿದ್ದಳು. ಬಿಸಿಲು ಅವಳ ಮುಖದ ಮೇಲೆ ಬೀಳುತ್ತಿತ್ತು, ಸರಿದು ಕೂರುವ ಗೋಜಿಗೂ ಹೋಗಲಿಲ್ಲ.

ಗುಳೇದಗುಡ್ಡದ ಕಡೆ ಹೊರಳಿದ ಮೇಲೆ ರಸ್ತೆ ಇಳಿಯತೊಡಗಿತು. ಮೊದಲು ಒಂದು ಸಣ್ಣ ಎಳೆತ, ಎಡಕ್ಕೆ. ಆಮೇಲೆ ಬಲಕ್ಕೆ. ಕನ್ನಡಿಯಲ್ಲಿ ನೋಡಿದರೆ ಟ್ರಾಲಿ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಕಾಣುತ್ತಿತ್ತು. ಗಾಬರಿಯಲ್ಲಿ ಲಾಡಸಾಬ ಬ್ರೇಕು ತುಳಿದ. ಅದು ಇನ್ನಷ್ಟು ಹುಚ್ಚಾಯಿತು. ಸುಮೋದ ಬೆನ್ನು ಹಿಡಿದು ಯಾರೋ ಜಾಡಿಸಿದಂತಾಗಿ ಸ್ಟೇರಿಂಗು ಕೈಯಲ್ಲಿ ನಿಲ್ಲದಾಯಿತು, ಎದುರಿಗೆ ಬರುತ್ತಿದ್ದ ಬಸ್ಸು ಉದ್ದಕ್ಕೆ ಹಾರ್ನು ಹೊಡೆಯಿತು. “ಯಾ ಅಲ್ಲಾ!” ಎಂದು ಜುಲೇಖಾ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಕೊಟ್ಟಳು. ಲಾಡಸಾಬ ಬ್ರೇಕಿನಿಂದ ಕಾಲು ತೆಗೆದ. ಗಾಡಿ ರಸ್ತೆಯ ಅಂಚು ಬಿಟ್ಟು ಮಣ್ಣಿಗಿಳಿದು, ಜಾಲಿ ಗಿಡಗಳನ್ನು ಸವರಿಕೊಂಡು ಹೋಗಿ ನಿಂತಿತು. ದೇಗಿನ ಮುಚ್ಚಳವೊಂದು ಹಾರಿ, ಡಾಂಬರಿನ ಮೇಲೆ ಉರುಳಿ ಉರುಳಿ ಗಟಾರದಲ್ಲಿ ಬಿತ್ತು. ಬಸ್ಸಿನವನು ಬೈದುಕೊಂಡು ಹೋದ.

ಇಬ್ಬರೂ ಇಳಿದರು. ಲಾಡಸಾಬ ಟ್ರಾಲಿಯ ಸುತ್ತ ಒಂದು ಸುತ್ತು ಬಂದು, ಹಿಂದೆ ಒತ್ತಾಗಿ ನಿಂತಿದ್ದ ಮೂರು ದೇಗುಗಳನ್ನು ನೋಡಿದ.

“ತೌಸಿಫ ಹೇಳಿದ್ದ,” ಎಂದ.

“ಏನಂತ?”

“ಭಾರ ಮುಂದ ಇರಬೇಕಂತ.”

“ಮತ್ತ?”

“ದೇಗು ಮೊದಲ ಇಳೀಬೇಕಲ್ಲ.”

ಬೇರೆ ದಿನವಾಗಿದ್ದರೆ ಜುಲೇಖಾ ನಕ್ಕುಬಿಡುತ್ತಿದ್ದಳು. ಗಟಾರಕ್ಕಿಳಿದು ಮುಚ್ಚಳ ತಂದು, ಸೆರಗಿನಿಂದ ಮಣ್ಣು ಒರೆಸಿ, ಬಿದ್ದ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಎಲ್ಲಾ ಇಳಿಸಿ ಮತ್ತ ಹೇರೂಣು. ಬಾ, ಆ ಕಡೆ ಹಿಡಿ,” ಎಂದ ಲಾಡಸಾಬ.

ಅವಳು ಬಂದಳು. ಹಿಡಿಕೆಗೆ ಕೈ ಹಾಕಿದಳು. ಕೈ ಭುಜದ ಮಟ್ಟಕ್ಕೆ ಏರಲಿಲ್ಲ. ಇನ್ನೊಮ್ಮೆ ಎತ್ತಿ ನೋಡಿದಳು. ಆಮೇಲೆ ಹಿಡಿಕೆ ಬಿಟ್ಟು ಅಲ್ಲೇ ನಿಂತಳು.

“ಏಳೂದಿಲ್ರಿ.”

“ಒಂದೀಟ—”

“ನಾ ಆವತ್ತ ಹೇಳಿದ್ದು ಟೆಂಪೋದ ಮಾತಲ್ಲ.” ಸಿಟ್ಟೂ ಇಲ್ಲದ, ಅಳುವೂ ಇಲ್ಲದ ದನಿ. ಅದಕ್ಕೂ ತ್ರಾಣ ಬೇಕಲ್ಲ. “ಹಿಂದ ಕುಂತು ಬರೂದು ನನಗ ಏನೂ ತ್ರಾಸ ಇರಲಿಲ್ಲ. ಅಲ್ಲ್ಯಾದ್ರೂ ಕುಂತಿರ್ತಿದ್ನಿ. ಸಾಕಾಗಿದ್ದು ಇದು.” ಗದ್ದದಿಂದಲೇ ಹಿಡಿಕೆಯತ್ತ ತೋರಿಸಿದಳು. “ನೀವು ನಿಂತಲ್ಲೇ ಮಂದಿಗೆ ಜಬಾನ ಕೊಡ್ತೀರಿ. ಅದರಾಗ ಅರ್ಧಾ ನಂದು. ನನ್ನ ಒಂದ ದಿನಾ ಕೇಳೀರೇನು?”

ಲಾಡಸಾಬ ಇಷ್ಟು ದಿನ ಎದೆಯ ಮೇಲಿಡುತ್ತಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಟ್ರಾಲಿಯ ಅಂಚು ಹಿಡಿದುಕೊಂಡ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಂಕಟ.

“ನೀ ಹೋಗಿ ಕುಂದ್ರು. ನಾ ಮಾಡ್ತೇನಿ.”

ಮಾಡಲು ಹೋದ ಮೇಲೆ ತಿಳಿಯಿತು, ದೇಗನ್ನು ಕೆಳಗೆ ಇಳಿಸುವ ಅಗತ್ಯವೇ ಇರಲಿಲ್ಲ. ಮುಂದಿನ ಒಲೆ, ಚೀಲಗಳನ್ನು ಬಾಜುವಿನಿಂದ ಒಂದೊಂದಾಗಿ ಇಳಿಸಿದ. ಅಕ್ಕಿಯನ್ನು ಚೀಲಕ್ಕೆ ತುಂಬಿದ. ಟ್ರಾಲಿ ಹತ್ತಿ, ದೇಗನ್ನು ಓರೆ ಮಾಡಿ ತಳದ ಅಂಚಿನ ಮೇಲೆ ತಿರುಗಿಸುತ್ತ ತಿರುಗಿಸುತ್ತ ಮುಂದಕ್ಕೆ ನಡೆಸಿದ. ಹೊತ್ತು ಹಿಡಿಯಿತು, ಬೆವರು ಕಣ್ಣಿಗಿಳಿಯಿತು, ಆದರೆ ಆಯಿತು. ಒಬ್ಬನಿಂದಲೇ ಆಯಿತು. ಎರಡನೆಯ ದೇಗು ಮುಂದೆ ಸೇರಿದಾಗ ಅವನು ಅದಕ್ಕೇ ಆತುಕೊಂಡು ಕುಸಿದು ಕೂತ. ಹೇಗೆ ಎತ್ತುವುದು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ವಿಚಾರ ಮಾಡುವ ಪ್ರಸಂಗ ಬಂದಿರಲಿಲ್ಲ, ಆಚೆ ಕಡೆ ಯಾವಾಗಲೂ ಒಂದು ಕೈ ಇರುತ್ತಿತ್ತು.

ಮೂರನೆಯದನ್ನೂ ಸರಿಸಿ, ಇಳಿಸಿದ್ದನ್ನೆಲ್ಲ ಹಿಂದೆ ಹೇರಿ, ಹಗ್ಗ ಬಿಗಿದು ಬಂದು ನೋಡಿದರೆ ಜುಲೇಖಾ ಕೆಂಪು ಸೀಟಿನಲ್ಲಿ ನಿದ್ದೆ ಹೋಗಿದ್ದಳು. ತಲೆ ಕಿಟಕಿಯ ಕಡೆ ವಾಲಿ ಬಾಯಿ ತುಸು ತೆರೆದಿತ್ತು. ಲಾಡಸಾಬ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಬಾದಾಮಿ ಹಾದು ಕೆರೂರು ಮುಟ್ಟುವತನಕ ಟ್ರಾಲಿ ಸಾಧುವಾಗಿ ಹಿಂದೆ ಬಂತು, ಅವಳಿಗೆ ಎಚ್ಚರವಾಗಲಿಲ್ಲ.

ಮದುವೆ ಮನೆಯ ಹಿಂದಿನ ಬಯಲಲ್ಲಿ ಖಲೀಲ ಕಾದು ನಿಂತಿದ್ದ. “ತಡಾ ಆತಲ್ರಿ ಚಾಚಾ!” ಎನ್ನುತ್ತ ತಾನೇ ಟ್ರಾಲಿಯ ಹಿಂಬಾಗಿಲು ತೆಗೆದ. ಚೀಲ, ಒಲೆ, ಸೌಟುಗಳು ಕಂಡವು. “ದೇಗು ಎಲ್ಲ್ಯವ್ರಿ?”

“ಕಡೀಗೆ ಇಳೀತಾವ.”

ಒಲೆಗಳು ಮೊದಲು ಇಳಿದವು. ಕಟ್ಟಿಗೆ ಹಸಿ ಇತ್ತೇನೋ, ಹಚ್ಚಿದ್ದೇ ತಡ ಹೊಗೆ ಎದ್ದಿತು. ಎಲ್ಲ ಖಾಲಿಯಾದ ಮೇಲೆ ಲಾಡಸಾಬ ದೊಡ್ಡ ದೇಗನ್ನು ಅಂಚಿಗೆ ತಂದ.

“ಖಲೀಲ, ಆ ಕಡೆ ಹಿಡಿಯಪ್ಪಾ.”

“ನಾನಽ? ನಿಮ್ಮ ದೇಗಿಗೆ ಮಂದಿ ಕೈ ಹಚ್ಚಂಗಿಲ್ಲಂತಾರಲ್ರಿ?”

“ಹಿಡಿ.”

ಖಲೀಲ ಹಿಡಿದ. ಭಾರ ತನ್ನ ಮೇಲೆ ಬಂದದ್ದೇ ಎರಡು ಹೆಜ್ಜೆ ತತ್ತರಿಸಿ, ಹಲ್ಲು ಕಚ್ಚಿ, ಅಂತೂ ನೆಲಕ್ಕಿಟ್ಟ. ಅಂಗೈ ನೋಡಿಕೊಂಡ. “ಖಾಲಿ ದೇಗು ಇಷ್ಟು ವಜ್ಜಿ? ಇಷ್ಟು ದಿನಾ ಈ ಕಡೆ ಯಾರ ಹಿಡೀತಿದ್ರು?”

ಲಾಡಸಾಬ ಎರಡನೆಯ ದೇಗಿಗೆ ಇನ್ನೊಬ್ಬನನ್ನು ಕರೆದ.

ದೇಗುಗಳು ಒಲೆ ಏರಿದ ಮೇಲೆ ಖಲೀಲ ಮತ್ತೆ ಬಂದ. “ಚಾಚಾ, ಬಕ್ರೀದ್ ಆದ ಮ್ಯಾಲ ನಮ್ಮ ತಂಗಿ ಮುಬಶೀರಾಂದು ಲಗ್ನ ಐತ್ರಿ. ನೀವ ಬರಬೇಕು. ಜಬಾನ ಕೊಟ್ಟುಬಿಡ್ರಿ.”

ಲಾಡಸಾಬನ ಕೈ ರೂಢಿಯಂತೆ ಮೇಲೆದ್ದಿತು. ಎದೆ ಮುಟ್ಟುವ ಮೊದಲೇ ಅವನು ಅದನ್ನು ಇಳಿಸಿ ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಂಡ.

“ಮನ್ಯಾಕೀನ ಕೇಳಬೇಕು.”

“ಅದಕ್ಕೇನ್ರಿ? ಗಾಡ್ಯಾಗ ಅದಾರಲ್ಲ, ಈಗ ಕೇಳ್ರಿ.”

“ಮಲಗ್ಯಾಳ. ಆಕಿ ಏನಂತಾಳ ನೋಡೂಣು. ಒಲ್ಲೆ ಅಂದ್ರ ಇಲ್ಲ.”

ಖಲೀಲ ಚೇಷ್ಟೆಯೆಂದು ತಿಳಿದು ನಕ್ಕ. ಗಾಳಿ ತಿರುಗಿತ್ತು, ಒಲೆಯ ಹೊಗೆ ಬಯಲು ದಾಟಿ ಸುಮೋದ ಕಡೆಗೆ ಹೊರಟಿತ್ತು. ಲಾಡಸಾಬ ಸೌಟನ್ನು ಅವನ ಕೈಗೆ ಕೊಟ್ಟು ಗಾಡಿಯತ್ತ ನಡೆದ. ಕಿಟಕಿಯೊಳಗೆ ಕೈ ಹಾಕಿ, ಜುಲೇಖಾಳ ಭುಜಕ್ಕೆ ತಾಗದಂತೆ ಹಿಡಿಕೆ ಮೆಲ್ಲಗೆ ತಿರುವುತ್ತ ಗಾಜು ಏರಿಸಿದ. ಕೈ ಹೊರಗೆ ಬರುವಷ್ಟು ಸಂದು ಉಳಿಯಿತು. ಆ ಸಂದಿಗೆ ಹೆಗಲ ಮೇಲಿನ ವಸ್ತ್ರ ಸಿಕ್ಕಿಸಿ, ಒಲೆಯ ಕಡೆ ಹೊರಳಿದ.