ವಿಶಾಲಾಕ್ಷಮ್ಮನ ಇಪ್ಪತ್ತು ಉತ್ತರಗಳು

ಸಿದ್ದಬಸಪ್ಪನವರಿಗೆ ಏನು ಬೇಕು ಅಂತ ಸಿದ್ದಬಸಪ್ಪನವರನ್ನೇ ಕೇಳಿದವರು ಚಾಮರಾಜಪೇಟೆಯಲ್ಲಿ ಯಾರೂ ಇಲ್ಲ. ಕಾಟನ್‌ಪೇಟೆಯ ಬಟ್ಟೆ ಅಂಗಡಿ ನೋಡಿಕೊಂಡು ಗಟ್ಟಿಮುಟ್ಟಾಗಿದ್ದ ಕಾಲದಲ್ಲೂ ಅಷ್ಟೇ. ಮದುವೆಮನೆಯಲ್ಲಿ ಬಡಿಸುವವನು ಇನ್ನೊಂದು ಹೋಳಿಗೆ ಹಿಡಿದು ನಿಂತರೆ, ಪಕ್ಕದಿಂದ ಹೆಂಡತಿ ವಿಶಾಲಾಕ್ಷಮ್ಮ "ಅವ್ರಿಗೆ ಸಾಕು" ಅನ್ನುತ್ತಿದ್ದರು. ಆ ಪುಣ್ಯಾತ್ಮ ನಕ್ಕು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಈಗ ಮೂರು ವರ್ಷದಿಂದ ನರದ ಕಾಯಿಲೆ ಅವರ ಕೈಕಾಲು, ನಾಲಿಗೆ, ಕೊನೆಗೆ ಕಣ್ಣಿನ ರೆಪ್ಪೆಯನ್ನೂ ಕಟ್ಟಿಹಾಕಿತ್ತು. ಬುದ್ಧಿ ಮಾತ್ರ ಚುರುಕಾಗಿದೆ ಅಂತ ಡಾಕ್ಟರು ಹೇಳಿದ್ದರು. ವಿಶಾಲಾಕ್ಷಮ್ಮ ಹೊತ್ತುಹೊತ್ತಿಗೆ ಮೈಯೊರೆಸಿ, ಮಗ್ಗುಲು ಬದಲಾಯಿಸಿ, ಮಗುವಿನ ಹಾಗೆ ನೋಡಿಕೊಂಡರು. ಅದರಲ್ಲಿ ಕೊಂಕು ತೆಗೆದರೆ ನಾಲಿಗೆಗೆ ಹುಳ ಬೀಳುತ್ತದೆ. ಆದರೆ ಗಂಡನ ಪಾಲಿನ ಮಾತನ್ನೂ ತಾವೇ ಆಡಿದರು.

ಒಂದು ದಿನ ಆಸ್ಪತ್ರೆಯಿಂದ ಹಂಸಾ ಎಂಬ ಹುಡುಗಿ ಟೋಪಿಯಂಥ ಯಂತ್ರ ತಂದಳು. ತಲೆಗೆ ತೊಡಿಸಿದರೆ ಅದು ಮಿದುಳನ್ನು ಓದುತ್ತದಂತೆ. ಮನಸ್ಸಿನಲ್ಲಿ ಹೌದು ಅಂದುಕೊಂಡರೆ ಹಸಿರು ದೀಪ, ಇಲ್ಲ ಅಂದುಕೊಂಡರೆ ಕೆಂಪು. ಹದಿನೈದು ದಿನ ಅಭ್ಯಾಸ, ಆಮೇಲೆ ಪರೀಕ್ಷೆ. ಉತ್ತರ ಖಚಿತವಾಗಿ ಗೊತ್ತಿರುವ ಇಪ್ಪತ್ತು ಪ್ರಶ್ನೆಗಳನ್ನು ಉತ್ತರದ ಸಮೇತ ಮನೆಯವರೇ ಬರೆದುಕೊಡಬೇಕು. ಹದಿನೈದಾದರೂ ತಾಳೆಯಾಗದಿದ್ದರೆ ಯಂತ್ರ ಇವರಿಗೆ ಒಗ್ಗಲಿಲ್ಲ ಅಂತ ಅರ್ಥ, ಅದು ಸರದಿಯಲ್ಲಿರುವ ಮುಂದಿನ ರೋಗಿಗೆ ಹೋಗುತ್ತದೆ.

"ನಮ್ಮನೆಯವರ ವಿಷ್ಯ ನಂಗೊತ್ತಿಲ್ದೆ ಇನ್ಯಾರಿಗಮ್ಮ ಗೊತ್ತಿರುತ್ತೆ?" ಅಂತ ವಿಶಾಲಾಕ್ಷಮ್ಮ ಕೂತಲ್ಲೇ ಇಪ್ಪತ್ತನ್ನೂ ಬರೆದುಕೊಟ್ಟರು.

ಪರೀಕ್ಷೆಯ ದಿನ ಹೆಸರು, ಊರು, ಅಂಗಡಿ ಎಲ್ಲ ಸರಿಯಾಗಿ ಬಂತು. ಮಧ್ಯಾಹ್ನ ಕಿಟಕಿ ಮುಚ್ಚಿದರೆ ಹಿತವೇ ಅಂದಾಗ, ಪಟ್ಟಿಯಲ್ಲಿ ಹೌದು ಅಂತಿದ್ದರೂ, ಕೆಂಪು. ಸಂಜೆಯ ಧಾರಾವಾಹಿ ಇಷ್ಟವೇ? ಕೆಂಪು. ಭಾವಮೈದುನ ಪ್ರಭುದೇವ ವಾರವಾರವೂ ಬಂದು ಹರಟುವುದು ಖುಷಿಯೇ? ಕೆಂಪು, ಅದೂ ಥಟ್ಟನೆ. ಒಟ್ಟು ತಾಳೆಯಾದದ್ದು ಹನ್ನೆರಡು.

ಇದು ಯಾರ ತಪ್ಪೂ ಅಲ್ಲ, ಕೆಲವರಿಗೆ ಒಗ್ಗುವುದಿಲ್ಲ ಅಂತ ಹಂಸಾ ಸಪ್ಪೆ ಮುಖ ಮಾಡಿಕೊಂಡು ವೈರುಗಳನ್ನು ಬಿಚ್ಚತೊಡಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವಿಶಾಲಾಕ್ಷಮ್ಮ ತಾವು ಬರೆದ ಪಟ್ಟಿ ನೋಡಿಕೊಂಡರು. ತಪ್ಪಾದ ಎಂಟೂ ಇಷ್ಟಾನಿಷ್ಟದ ಪ್ರಶ್ನೆಗಳು. ರಸ್ತೆಯ ದೂಳು ಆಗದಿರುವುದು ತಮಗೆ. ಧಾರಾವಾಹಿ ತಮಗೆ ಪ್ರಾಣ. ಪ್ರಭುದೇವನಂತೂ ತಮ್ಮದೇ ಒಡಹುಟ್ಟಿದವನು.

ಸುಮ್ಮನಿದ್ದುಬಿಟ್ಟರೆ ಯಂತ್ರಕ್ಕೆ ಕೆಟ್ಟ ಹೆಸರು, ಅಷ್ಟೇ. ಗಂಡನ ಮನಸ್ಸನ್ನು ಕನ್ನಡಿಯಂತೆ ಬಲ್ಲವಳು ಅನ್ನೋ ತಮ್ಮ ಹೆಸರು ಉಳಿಯುತ್ತದೆ. ಇವರು ಮಾತ್ರ ಉಳಿದ ಆಯುಸ್ಸೆಲ್ಲ ಮುಚ್ಚಿದ ಕಿಟಕಿಯ ಹಿಂದೆ ಮಲಗಿರಬೇಕು.

"ನಿಲ್ಲಮ್ಮ, ಬಿಚ್ಬೇಡ. ಯಂತ್ರ ಸರಿಯಾಗೇ ಹೇಳ್ತಿದೆ. ತಪ್ಪು ಬರ್ದಿರೋಳು ನಾನು."

ಹಂಸಾ ಬಿಚ್ಚಿದ ವೈರುಗಳನ್ನು ಮತ್ತೆ ಜೋಡಿಸಿದಳು. ಆಮೇಲೆ ಅವರ ಮದುವೆಯ ಲಗ್ನಪತ್ರಿಕೆ, ರೇಷನ್ ಕಾರ್ಡು ತರಿಸಿಕೊಂಡು, ಅವುಗಳಿಂದ ಎಂಟು ಹೊಸ ಪ್ರಶ್ನೆ ಕೇಳಿದಳು. ಏಳು ತಾಳೆಯಾದವು. ಯಂತ್ರ ಮನೆಯಲ್ಲೇ ಉಳಿಯಿತು.

ವಿಶಾಲಾಕ್ಷಮ್ಮ ಎದ್ದು ಕಿಟಕಿ ತೆರೆದರು. ಆಟೋಗಳ ಸದ್ದು, ಸೊಪ್ಪಿನವಳ ಕೂಗು, ದೂಳು, ಎಲ್ಲ ಒಟ್ಟಿಗೆ ಒಳಗೆ ಬಂತು. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ನಲವತ್ತೆರಡು ವರ್ಷದಲ್ಲಿ ಗಂಡನನ್ನು ಒಂದು ಮಾತು ಕೇಳಲು ಅವರಿಗೆ ಇಷ್ಟು ಭಯವಾದದ್ದಿಲ್ಲ.

"ರೀ, ನನ್ಮೇಲೆ ಕೋಪಾನಾ?"

ಹಸಿರು ದೀಪ ಹತ್ತಿತು.

ಅವರಿಗೆ ದುಃಖ ಉಕ್ಕಿ ಬಂತು. ಅದರ ಜೊತೆಗೇ, ಈ ಮನುಷ್ಯ ನನಗೆ ಎದುರು ಮಾತಾಡಿದರಲ್ಲ ಅಂತ ನಗುವೂ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು.

"ಹಾಗಾದ್ರೆ ನಾನು ಒಳಗೆ ಹೋಗ್ಲಾ?"

ಅವರ ಪಾಲಿನ ಉತ್ತರ ಎಂದಿನಂತೆ ತಮ್ಮ ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿಕೊಂಡು ಕಾದರು.

ಕೆಂಪು ಹತ್ತಿತು. ವಿಶಾಲಾಕ್ಷಮ್ಮ ಮತ್ತೆ ಕೂತರು.