ಹಿಂದಿನ ಸೀಟಿನ ಸದ್ದು

ಆ ಸದ್ದು ಇನ್ಶಿರಾಹಳಿಗೆ ಕೇಳಿಸುತ್ತಿತ್ತು, ಅವಳ ಗಂಡ ವಗ್ದಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುವುದಾದರೂ ಹೇಗೆ? ಮನ್ಸೂರಾ ಪಟ್ಟಣದ ಎಲ್ಲ ಗಂಡಸರಂತೆ ಅವನ ಒಂದು ಕೈ ಸದಾ ಹಾರನ್ ಮೇಲೆ. ಪಕ್ಕದಲ್ಲಿ ಅವನಮ್ಮ ತಫೀದಾ. ಕಾರು ಹತ್ತಿದಾಗ ಶುರುವಾದ ಅವಳ ಮಾತು ಇಳಿಯುವವರೆಗೂ ನಿಲ್ಲುತ್ತಿರಲಿಲ್ಲ.

ಆ ದೇಶದಲ್ಲಿ ಸ್ಟಿಯರಿಂಗು ಎಡಗಡೆ; ಬಲಗಡೆಯ ಮುಂದಿನ ಸೀಟು ಅತ್ತೆಯದು, ಅದರಲ್ಲಿ ಎರಡು ಮಾತಿಲ್ಲ. ಇನ್ಶಿರಾಹ್ ಮಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆಯ ಬೆನ್ನ ಹಿಂದೆ ಕೂರುತ್ತಿದ್ದಳು. ರಸ್ತೆಯುಬ್ಬು ದಾಟುವಾಗ ಬಲಗಡೆಯ ಹಿಂದಿನ ಚಕ್ರದ ಹತ್ತಿರ 'ಕರ್ರ್' ಎನ್ನುತ್ತಿತ್ತು. ಪ್ರತಿ ಸಲವೂ ಅಲ್ಲ. ಇವತ್ತು ಬಂದರೆ ನಾಳೆ ನಾಪತ್ತೆ.

"ವಗ್ದಿ, ಚಕ್ರ ಮತ್ತೆ ಕರ್ರ್ ಅಂತು."

ಉತ್ತರ ಬಂದದ್ದು ಅತ್ತೆಯಿಂದ. "ನನ್ನ ತಮ್ಮ ಈ ಕಾರನ್ನ ಮಗಳ ಥರ ಸಾಕಿದ್ದ. ನಮಗೆ ಮಾರೋವಾಗ ಅತ್ತೇ ಬಿಟ್ಟ. ನಿನಗೆ ನಮ್ಮ ಕಡೆಯೋರ ಸಾಮಾನು ಕಂಡ್ರೇ ಆಗಲ್ಲ ಬಿಡು!"

ಶುಕ್ರವಾರ ದಮಿಯೆಟ್ಟಾದಲ್ಲಿ ಇನ್ಶಿರಾಹಳ ತಂಗಿಯ ಮಗುವಿಗೆ ಏಳನೇ ದಿನದ ಶಾಸ್ತ್ರ. ಹೋಗದೆ ಇರಲು ಅವಳಿಂದ ಸಾಧ್ಯವಿಲ್ಲ. ಆದರೆ ದಾರಿಯುದ್ದಕ್ಕೂ ಪಕ್ಕದಲ್ಲೇ ಕಾಲುವೆ. ಮಗಳು ಮಡಿಲಲ್ಲಿರುವಾಗ ಆ ಚಕ್ರ ಕೈಕೊಟ್ಟರೆ?

ವಗ್ದಿ ಸುಮ್ಮನಿದ್ದನೆಂದಲ್ಲ. ಬೀದಿಯ ಮೆಕ್ಯಾನಿಕ್ ಮಹ್ರೂಸ್ ಮೇಸ್ತ್ರಿಯ ಹತ್ತಿರ ಕಾರು ಒಯ್ದ. ಮೇಸ್ತ್ರಿ ಕಾರನ್ನು ಜಾಕಿಗೆ ಏರಿಸಿ ಚಕ್ರ ಅಲ್ಲಾಡಿಸಿದ, ನಟ್ಟು ಬಿಗಿದ, ಮುಂದಿನ ಸೀಟಿನಲ್ಲಿ ಮರ್ಯಾದೆಯಿಂದ ಕೂತು ಒಂದು ಸುತ್ತು ಹೋಗಿಬಂದ. ಚಕ್ರ ಚಕಾರವೆತ್ತಲಿಲ್ಲ.

"ಕಾರು ನನಗಿಂತ ಗಟ್ಟಿಯಾಗಿದೆ. ಸದ್ದು ಇರೋದು ನಿಮ್ಮ ಮನೆಯೋರ ಕಿವೀಲಿ," ಎಂದ.

"ಮೇಸ್ತ್ರೀನ ಒಂದ್ಸಲ ಹಿಂದೆ ಕೂರಿಸಿ ನೋಡು," ಎಂದಳು ಇನ್ಶಿರಾಹ್, ಮನೆಗೆ ಮರಳಿದ ಗಂಡನಿಗೆ.

"ಹಿಂದೆ? ಅವರೇನು ಕೋಳಿ ಬುಟ್ಟೀನಾ? ಬೀದಿಯೋರು ನನ್ನ ಮುಖಕ್ಕೆ ಉಗೀತಾರೆ!"

ಅವಳಿಗೆ ಅಳು ಬಂತು. ಅಳು ಮುಗಿದ ಮೇಲೆ ಉಪಾಯವೂ ಬಂತು.

ಗುರುವಾರ ಸಂಜೆ ಮೂವರೂ ಮಗುವಿನೊಂದಿಗೆ ಪೇಟೆಯಿಂದ ಮರಳುತ್ತಿದ್ದರು. ಅವಳೆಣಿಸಿದಂತೆಯೇ ಮೇಸ್ತ್ರಿ ಅಂಗಡಿಯ ಬಾಗಿಲೆಳೆದು ಮನೆಯ ಕಡೆ ಹೆಜ್ಜೆ ಹಾಕುತ್ತಿದ್ದ.

"ಅಯ್ಯೋ, ಪಾಪ, ನಡ್ಕೊಂಡು ಹೋಗ್ತಿದ್ದಾರೆ. ಕಂಡೂ ಕಾಣದ ಹಾಗೆ ಹೋದ್ರೆ ಏನಂದ್ಕೊಂಡಾರು?" ಎಂದಳು ಇನ್ಶಿರಾಹ್.

ವಗ್ದಿ ಬ್ರೇಕು ಒತ್ತಿದ. ಪರಗಂಡಸು ಕಾರು ಹತ್ತಿದ ಮೇಲೆ ಮುಂದಿನ ಸೀಟು ಅವನದೇ, ಹೆಂಗಸರು ಹಿಂದೆ. ಮೇಸ್ತ್ರಿ "ಬೇಡ ಬೇಡ" ಎಂದ, ವಗ್ದಿ ಆಣೆ ಹಾಕಿದ. ಕೊನೆಗೆ ತಫೀದಾ ಮುಖ ಊದಿಸಿಕೊಂಡು ಇಳಿದಳು. ಸೊಸೆ ಎಡಕ್ಕೆ ಸರಿದು, "ಬನ್ನಿ ಅತ್ತೆ, ಕಿಟಕಿ ಪಕ್ಕ ಗಾಳಿ ಚೆನ್ನಾಗಿ ಬರುತ್ತೆ," ಎಂದು ಬಲಗಡೆಯ ಜಾಗ ಬಿಟ್ಟುಕೊಟ್ಟಳು. ತಫೀದಾ ಕೂತಾಗ ಕಾರು ಆ ಕಡೆಗೆ ವಾಲಿತು.

ಮಸೀದಿಯ ಮುಂದಿನ ಉಬ್ಬು ಬಂತು. ಕರ್ರ್ರ್!

"ಯಾ ರಬ್ಬೀ! ಚಕ್ರ ಕಿತ್ತುಬಂತು! ನಿಲ್ಸೋ, ನಿನ್ನಮ್ಮ ಸತ್ತಳು!"

ಮೇಸ್ತ್ರಿ ಇಳಿದು ಬಗ್ಗಿ ಒಳಗೆ ಕೈ ತೂರಿಸಿದ. ಜಾಕಿಗೆ ಏರಿಸಿದಾಗ ಕಣ್ಣಿಗೆ ಬೀಳದ ಕಡೆ ಸ್ಪ್ರಿಂಗು ಮುರಿದಿತ್ತು. ಹಿಂದೆ ಭಾರ ಬಿದ್ದಾಗ ಟಯರಿನ ಒಳಬದಿ ಮೇಲಿನ ತಗಡಿಗೆ ಉಜ್ಜಿ, ನೂಲು ಕಾಣುವಷ್ಟು ಸವೆದಿತ್ತು.

"ದಮಿಯೆಟ್ಟಾ ದಾರೀಲಿ ಇದು ಒಡೆದಿದ್ರೆ ಕಾಲುವೆಗೇ ಹೋಗ್ತಿದ್ರಿ. ತಾಯಿ, ನಿಮ್ಮ ಕಿವಿಗೆ ಕೈಮುಗೀಬೇಕು," ಎಂದ ಅವನು ತಫೀದಾಳಿಗೆ.

"ನಂಗೆ ಮೊದಲೇ ಅನುಮಾನ ಇತ್ತು," ಎಂದಳು ತಫೀದಾ.

ಇನ್ಶಿರಾಹ್ ಗಂಡನ ಮುಖ ನೋಡಿದಳು. 'ನೀನು ಹೇಳಿದ್ದೇ ನಿಜ' ಎಂಬ ಒಂದು ಮಾತು ಸಾಕಿತ್ತು. ವಗ್ದಿ ಅಮ್ಮನ ಹಣೆಗೆ ಮುತ್ತಿಡುತ್ತಿದ್ದ.

ಶುಕ್ರವಾರ ಬೆಳಿಗ್ಗೆ, ಹೊಸ ಸ್ಪ್ರಿಂಗು, ಹೊಸ ಟಯರು. ವಗ್ದಿ ಅಮ್ಮನಿಗಾಗಿ ಮುಂದಿನ ಬಾಗಿಲು ತೆರೆದು ನಿಂತ.

"ನಾನು ಹಿಂದೇನೇ ಕೂರ್ತೀನಿ," ಎಂದಳು ತಫೀದಾ. "ಕಾರಿನ ಮೇಲೆ ಕಿವಿ ಇಡೋರು ಬೇರೆ ಯಾರಿದ್ದಾರೆ ಈ ಮನೇಲಿ?"

ಮದುವೆಯಾದಾಗಿನಿಂದ ಮೊದಲ ಸಲ ಇನ್ಶಿರಾಹ್ ಮುಂದೆ ಕೂತಳು. ಕಾಲುವೆಯ ತಂಪು ಗಾಳಿ ಮುಖಕ್ಕೆ ಬಡಿಯಿತು. ಹಿಂದೆ ಅಜ್ಜಿಯ ತೊಡೆಯ ಮೇಲೆ ಮಗಳು ನಿದ್ದೆ ಹೋಗಿದ್ದಳು. ತಫೀದಾ ಬಾಯಿ ಮುಚ್ಚಿಕೊಂಡು ಚಕ್ರಕ್ಕೆ ಕಿವಿಗೊಟ್ಟಿದ್ದಳು. ಪ್ರತಿ ಉಬ್ಬು ದಾಟಿದಾಗಲೂ ವಗ್ದಿ ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದ:

"ಏನಾದ್ರೂ ಕೇಳಿಸ್ತಾ, ಅಮ್ಮಾ?"

ಇನ್ಶಿರಾಹಳನ್ನು ಮಾತ್ರ ಅವನು ಕೇಳಲಿಲ್ಲ.